ಬೇಬಾಕಿ ಎಂದು ಬರೆಸಿಕೊಳ್ಳುವ ತನಕ

ರಾಜಾಜಿನಗರದ ವಾಚನಾಲಯವೊಂದರಲ್ಲಿ ಭಾನುವಾರ ಬೆಳಗ್ಗೆ ಆಡಿದ ಮಾತುಗಳನ್ನು ಗೆಳೆಯರ ಒತ್ತಾಯಕ್ಕೆ ಬರೆದಿಟ್ಟಿದ್ದೇನೆ. ಸಭಿಕರ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲಿಯೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮ ಮಾತಿನಲ್ಲಿ 'ಸೆಟ್ಲ್' ಎಂಬುದು ಶುಭ ಸುದ್ದಿಯ ಶಬ್ದ. ಮಗಳಿಗೆ ಗಂಡು ನೋಡುವಾಗ 'ಹುಡುಗ ಸೆಟ್ಲ್ ಆಗಿದ್ದಾನೆಯೇ' ಎಂದು ಕೇಳುತ್ತೇವೆ. ಅಣ್ಣತಮ್ಮಂದಿರ ಸೈಟಿನ ತಕರಾರು ಮುಗಿದರೆ 'ಎಲ್ಲ ಸೆಟ್ಲ್ ಆಯಿತು' ಎಂದು ಹಗುರಾಗುತ್ತೇವೆ. ಹೀಗಿರುವಾಗ ಸಾಲದ ಖಾತೆಯ ಮುಂದೆ 'ಸೆಟಲ್ಡ್' ಎಂದು ಬರೆದಿದ್ದರೆ ಯಾರಿಗೆ ತಾನೇ ಅನುಮಾನ ಬಂದೀತು?

ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳಿಗೂ ಬರಲಿಲ್ಲ. ನಾನು ಬ್ಯಾಂಕಿನ ವಸೂಲಿ ವಿಭಾಗದಲ್ಲಿದ್ದು ನಿವೃತ್ತನಾದವನೆಂದು ತಿಳಿದು, ಒಂದು ಸಂಜೆ ಮನೆಗೆ ಬಂದಳು. ಹಿಂದೆ ಅವಳು ತೆಗೆದುಕೊಂಡಿದ್ದ ವೈಯಕ್ತಿಕ ಸಾಲದಲ್ಲಿ 46,000 ರೂಪಾಯಿ ಬಾಕಿ ಉಳಿದಿತ್ತು. ವಸೂಲಿಗೆ ಬಂದವನು, '28,000 ಕಟ್ಟಿಬಿಡಿ ಅಮ್ಮ, ಇಲ್ಲಿಗೆ ಮುಗಿಯುತ್ತದೆ' ಎಂದಿದ್ದ. ಕಿವಿಯ ಓಲೆಯನ್ನು ಗಿರವಿ ಇಟ್ಟು ಕಟ್ಟಿದಳು. ನಾಲ್ಕು ವರ್ಷಗಳ ನಂತರ ಮಗನ ಇಂಜಿನಿಯರಿಂಗ್ ಓದಿಗೆ ಸಾಲ ಕೇಳಲು ಹೋದಾಗ, ಸಹಸಾಲಗಾರಳಾದ ತಾಯಿಯ ಕ್ರೆಡಿಟ್ ವರದಿ, ಎಂದರೆ ಸಾಲ ಪಡೆದು ತೀರಿಸಿದ ದಾಖಲೆ, ಸರಿಯಿಲ್ಲವೆಂದು ಅರ್ಜಿ ತಿರುಗಿ ಬಂತು. ವರದಿಯನ್ನು ನನ್ನ ಮುಂದೆ ಹರಡಿ ಅವಳು ಕೇಳಿದ್ದು ಇಷ್ಟೇ: 'ಸರ್, ಸೆಟ್ಲ್ ಆಗಿದೆ ಎಂದೇ ಬರೆದಿದೆಯಲ್ಲ. ಮತ್ತೇಕೆ ಸಾಲ ಕೊಡುವುದಿಲ್ಲ?'

ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕಾಗಿಯೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ವಸೂಲಿ ವಿಭಾಗದಲ್ಲಿದ್ದ ವರ್ಷಗಳಲ್ಲಿ ನಾನೂ ಎಷ್ಟೋ ರಾಜಿ ಪತ್ರಗಳಿಗೆ ಸಹಿ ಹಾಕಿದ್ದೇನೆ. ಎದುರು ಕುಳಿತವರಿಗೆ ಆ ಒಂದು ಶಬ್ದದ ಅರ್ಥವನ್ನು ಎಲ್ಲ ಸಲವೂ ಬಿಡಿಸಿ ಹೇಳಿದ್ದೇನೆಂದು ಪ್ರಮಾಣ ಮಾಡಲಾರೆ. ಆ ಕೊರಗು ನನಗಿದೆ.

ನಮ್ಮ ದೇಶದಲ್ಲಿ ಇಂಥ ವರದಿ ಸಿದ್ಧಪಡಿಸುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಇವುಗಳ ಕೆಲಸವನ್ನು ನಿಯಂತ್ರಿಸಲು 2005ರ ಕಾಯ್ದೆಯೊಂದಿದೆ. ಜನರ ಬಾಯಲ್ಲಿ ನಾಲ್ಕೂ ಸೇರಿ 'ಸಿಬಿಲ್' ಆಗಿಬಿಟ್ಟಿವೆ. 300ರಿಂದ 900ರವರೆಗಿನ ಅಂಕದ ಬಗ್ಗೆ ಎಲ್ಲರಿಗೂ ಗೊತ್ತು, ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅಂಕ ಬರುವುದು ವರದಿಯೊಳಗಿನ ಬರಹದಿಂದ. ಬರಹ ತಪ್ಪಿದ್ದರೆ ಅಂಕದ ಬಗ್ಗೆ ಚಿಂತಿಸಿ ಪ್ರಯೋಜನವಿಲ್ಲ.

ಸಾಲ ತೀರಿತು ಎಂಬುದಕ್ಕೆ ಕನ್ನಡದಲ್ಲಿ ನಮಗೆ ಒಂದೇ ಮಾತು ಸಾಕು. ವರದಿಯಲ್ಲಿ ಅದಕ್ಕೆ ಹಲವು ಮುಖಗಳಿವೆ. ಅಸಲು, ಬಡ್ಡಿ, ಶುಲ್ಕ ಎಲ್ಲವನ್ನೂ ಪೈಸೆ ಬಿಡದೆ ಕಟ್ಟಿದರೆ ಖಾತೆಯ ಮುಂದೆ 'ಕ್ಲೋಸ್ಡ್' ಎಂದು ಬರುತ್ತದೆ, ಮುಗಿದ ದಿನಾಂಕ ಬರುತ್ತದೆ, ಬಾಕಿಯ ಜಾಗದಲ್ಲಿ ಸೊನ್ನೆ ಇರುತ್ತದೆ. ಇದೇ ನಿಜವಾದ ಬೇಬಾಕಿ. ಸಾಲ ಕೊಟ್ಟವರು 'ಇಷ್ಟು ಬಂದರೆ ಸಾಕು, ಉಳಿದದ್ದು ಬಿಟ್ಟೆವು' ಎಂದು ಒಪ್ಪಿಕೊಂಡಿದ್ದರೆ 'ಸೆಟಲ್ಡ್' ಎಂದು ಬರುತ್ತದೆ. ಬ್ಯಾಂಕಿನವರು ಇದನ್ನು ಓಟಿಎಸ್ (ಒನ್ ಟೈಮ್ ಸೆಟಲ್‌ಮೆಂಟ್) ಎನ್ನುತ್ತಾರೆ, ಹಳಬರು ರಾಜಿ ಎನ್ನುತ್ತಾರೆ. ಆ ಹೆಣ್ಣುಮಗಳು ಕಟ್ಟಿದ್ದು 28,000, ಸಾಲ ಕೊಟ್ಟ ಸಂಸ್ಥೆ ಕಳೆದುಕೊಂಡದ್ದು 18,000. ಅವಳ ಕಣ್ಣಿಗೆ ಕಾಣುವುದು ಓಲೆ ಗಿರವಿ ಇಟ್ಟು ತಂದ ಹಣ. ಮುಂದೆ ಸಾಲ ಕೊಡಬೇಕಾದವನ ಕಣ್ಣಿಗೆ ಕಾಣುವುದು ಬಾರದೆ ಉಳಿದ ಹಣ. ಒಂದೇ ಶಬ್ದವನ್ನು ಎರಡು ಕಡೆಯಿಂದ ಓದುತ್ತಿದ್ದಾರೆ.

ಮೂರನೆಯದು 'ರಿಟನ್ ಆಫ್'. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಪತ್ರಿಕೆಗಳ ತಲೆಬರಹಗಳೇ ಇದನ್ನು ಎಷ್ಟೋ ಸಲ 'ಸಾಲ ಮನ್ನಾ' ಎಂದು ಅನುವಾದಿಸಿವೆ. 90 ದಿನಕ್ಕಿಂತ ಹೆಚ್ಚು ಕಾಲ ಕಂತು ಬಾರದಿದ್ದರೆ ಖಾತೆ ಎನ್‌ಪಿಎ, ಎಂದರೆ ವಸೂಲಾಗದ ಸಾಲ, ಆಗುತ್ತದೆ. ಬಹಳ ಕಾಲ ಹಾಗೆಯೇ ಉಳಿದ ಸಾಲವನ್ನು ಬ್ಯಾಂಕು ತನ್ನ ಆಸ್ತಿಯ ಲೆಕ್ಕದಿಂದ ಹೊರಗಿಡುತ್ತದೆ. ಹಾಗೆ ಮಾಡಿದ್ದು ಬ್ಯಾಂಕು ತನ್ನ ಪುಸ್ತಕದಲ್ಲಿ. ಸಾಲಗಾರನ ಹೊಣೆ ಒಂದು ರೂಪಾಯಿಯಷ್ಟೂ ಕಡಿಮೆಯಾಗಿರುವುದಿಲ್ಲ, ವಸೂಲಿಯೂ ನಿಲ್ಲುವುದಿಲ್ಲ. 'ನನ್ನ ಸಾಲವನ್ನು ಬ್ಯಾಂಕಿನವರೇ ತೆಗೆದುಹಾಕಿದ್ದಾರೆ' ಎಂದು ನಿಶ್ಚಿಂತರಾಗಿ ಕುಳಿತವರನ್ನು ನಾನು ನೋಡಿದ್ದೇನೆ. ಮನ್ನಾ ಬೇರೆ, ಇದು ಬೇರೆ. ಹೀಗೆ ಬರೆದುಹಾಕಿದ ಮೇಲೆ ಸಾಲಗಾರ ಬಂದು ಹಣ ಕಟ್ಟಿದರೆ, ಪೂರ್ತಿ ಕಟ್ಟಿದ್ದಕ್ಕೆ 'ಪೋಸ್ಟ್ ರೈಟ್ ಆಫ್ ಕ್ಲೋಸ್ಡ್' ಎಂದೂ ರಾಜಿಯಲ್ಲಿ ಕಟ್ಟಿದ್ದಕ್ಕೆ 'ಪೋಸ್ಟ್ ರೈಟ್ ಆಫ್ ಸೆಟಲ್ಡ್' ಎಂದೂ ನಮೂದಾಗಬೇಕು. ಹಣ ಕಟ್ಟಿದ ಮೇಲೂ ಬರೀ 'ರಿಟನ್ ಆಫ್' ಎಂದೇ ಉಳಿದಿದ್ದರೆ ಅದು ತಪ್ಪು, ತಿದ್ದಿಸಬೇಕು.

ಇಲ್ಲಿ ಒಬ್ಬ ಹಿರಿಯರು ಎದ್ದು ಕೇಳಿದರು: 'ನಾನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡೆ. ನ್ಯಾಯಾಲಯದ ಆದೇಶವೇ ಇದೆ. ಅದಕ್ಕೂ ಸೆಟಲ್ಡ್ ಎಂದು ಬರೆಯುತ್ತಾರೆಯೇ?'

ಕಡಿಮೆ ಮೊತ್ತಕ್ಕೆ ರಾಜಿಯಾಗಿದ್ದರೆ, ಹೌದು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕಚೇರಿಯಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇಂಥ ಅದಾಲತ್‌ಗಳನ್ನು ನಡೆಸುತ್ತದೆ. ಅಲ್ಲಿನ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ವ್ಯಾಜ್ಯ ಅಲ್ಲಿಗೆ ಮುಗಿಯುತ್ತದೆ, ಯಾರೂ ಬಂದು ಬಾಗಿಲು ಬಡಿಯುವ ಹಾಗಿಲ್ಲ. ಆದರೆ ವ್ಯಾಜ್ಯ ಮುಗಿಯುವುದು ಒಂದು, ಸಾಲ ಪೂರ್ತಿ ಸಂದಾಯವಾಗುವುದು ಇನ್ನೊಂದು.

ಹಾಗಾದರೆ ರಾಜಿ ಮಾಡಿಕೊಳ್ಳಲೇಬಾರದೇ? ಹಾಗೆ ನಾನು ಹೇಳುವುದಿಲ್ಲ, ಯಾರಾದರೂ ಹೇಳಿದರೆ ಒಪ್ಪುವುದೂ ಇಲ್ಲ. ಕೆಲಸ ಹೋದವರಿಗೆ, ಮನೆಯಲ್ಲಿ ಕಾಯಿಲೆ ಬಿದ್ದವರಿಗೆ, ಬಡ್ಡಿಯ ಮೇಲೆ ಬಡ್ಡಿ ಬೆಳೆದು ಅಸಲನ್ನೂ ಮೀರಿದವರಿಗೆ ರಾಜಿ ಎಂಬುದು ಮರ್ಯಾದೆಯ ದಾರಿ. ಒಲೆ ಉರಿಯಬೇಕು, ಮಕ್ಕಳ ಫೀಸು ಕಟ್ಟಬೇಕು. ವರದಿಯ ಚಂದಕ್ಕಾಗಿ ಇನ್ನೊಂದು ಕಡೆ ಮೀಟರ್ ಬಡ್ಡಿಗೆ ಸಾಲ ತಂದು ಪೂರ್ತಿ ಕಟ್ಟಿದವರ ಪಾಡನ್ನೂ ನಾನು ಕಂಡಿದ್ದೇನೆ. ನನ್ನ ತಕರಾರು ಇರುವುದು ರಾಜಿಯ ಬಗ್ಗೆ ಅಲ್ಲ, ತಿಳಿಸದೆ ಮಾಡಿಸುವ ರಾಜಿಯ ಬಗ್ಗೆ. ಏನು ಬರೆಯುತ್ತಾರೆ ಎಂಬುದು ಹಣ ಕಟ್ಟುವ ಮೊದಲೇ ಗೊತ್ತಿರಬೇಕು. 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಚೌಕಟ್ಟಿನ ಪ್ರಕಾರ, ರಾಜಿಯಾದ ಸಾಲಗಾರನಿಗೆ ಅದೇ ಸಂಸ್ಥೆ ಮತ್ತೆ ಸಾಲ ಕೊಡಬೇಕಾದರೆ ಕನಿಷ್ಠ 12 ತಿಂಗಳು ಕಾಯಬೇಕು. ಕೃಷಿ ಸಾಲಕ್ಕೆ ಇದು ಬೇರೆ, ಆಯಾ ಸಂಸ್ಥೆಯ ಆಡಳಿತ ಮಂಡಳಿ ತೀರ್ಮಾನಿಸುತ್ತದೆ. ಇದನ್ನೆಲ್ಲ ತಿಳಿದು ಒಪ್ಪಿಕೊಂಡವನಿಗೂ ಫೋನಿನಲ್ಲಿ ಹೇಳಿದ್ದನ್ನು ನಂಬಿ ಹಣ ಕಟ್ಟಿದವನಿಗೂ ಎಷ್ಟು ವ್ಯತ್ಯಾಸವಿದೆ ನೋಡಿ.

ಆದ್ದರಿಂದ ಕೊನೆಯ ಹಣ ಕೈಬಿಡುವ ಮೊದಲು ಪತ್ರ ಕೇಳಿ. ಸಂಸ್ಥೆಯ ಶೀರ್ಷಿಕೆಯಿರುವ ಕಾಗದದಲ್ಲಿ, ಇಂಥ ಖಾತೆ, ಇಷ್ಟು ಬಾಕಿ, ಇಷ್ಟಕ್ಕೆ ಒಪ್ಪಿದ್ದೇವೆ, ಕ್ರೆಡಿಟ್ ಕಂಪನಿಗಳಿಗೆ ಹೀಗೆ ತಿಳಿಸುತ್ತೇವೆ ಎಂದು ಬರೆದಿರಬೇಕು. ಹಣ ಸಾಲದ ಖಾತೆಗೇ ಹೋಗಬೇಕು, ಏಜೆಂಟನ ಮೊಬೈಲ್ ಸಂಖ್ಯೆಗೆ ಖಂಡಿತ ಹೋಗಬಾರದು. ಸಾಲವನ್ನು ಆಸ್ತಿ ಪುನರ್‌ನಿರ್ಮಾಣ ಕಂಪನಿಗೆ, ಎಂದರೆ ಬಾರದ ಸಾಲಗಳನ್ನು ಕೊಂಡು ವಸೂಲಿ ಮಾಡುವ ಕಂಪನಿಗೆ, ಮಾರಿದ್ದರೆ, ಪತ್ರ ಕೊಡಬೇಕಾದವರು ಈಗ ಸಾಲದ ಒಡೆತನ ಇರುವವರು. ಹಳೆಯ ಶಾಖೆಗೆ ಹೋಗಿ ಅತ್ತರೂ ಅಲ್ಲಿನ ಗುಮಾಸ್ತರು ಏನೂ ಮಾಡಲಾರರು.

ಈಗ ವರದಿಯ ಇನ್ನೊಂದು ಭಾಗಕ್ಕೆ ಬರುತ್ತೇನೆ. ಪ್ರತಿ ಖಾತೆಯ ಕೆಳಗೆ ಸಣ್ಣ ಸಣ್ಣ ಚೌಕಗಳ ಸಾಲು ಇರುತ್ತದೆ. ಒಂದೊಂದು ಚೌಕ ಒಂದೊಂದು ತಿಂಗಳದ್ದು, ಒಟ್ಟು 36 ತಿಂಗಳವರೆಗಿನದ್ದು. ಆ ತಿಂಗಳು ಕಂತು ಎಷ್ಟು ದಿನ ತಡವಾಗಿತ್ತು ಎಂಬುದನ್ನು ಅದರಲ್ಲಿ ಬರೆದಿರುತ್ತಾರೆ. ಮೂರು ಸೊನ್ನೆ ಇದ್ದರೆ ಬಾಕಿಯಿಲ್ಲ. 030 ಎಂದಿದ್ದರೆ ಮೂವತ್ತು ದಿನ ತಡ. ಮೂರು ಗುಣಾಕಾರದ ಚಿಹ್ನೆಗಳಂತೆ ಕಾಣುವ ಅಕ್ಷರಗಳಿದ್ದರೆ ಆ ತಿಂಗಳ ಮಾಹಿತಿ ಬಂದಿಲ್ಲವೆಂದು ಅರ್ಥ, ಅದಕ್ಕೆ ಹೆದರಬೇಕಾಗಿಲ್ಲ. ಸಾಲ ಪೂರ್ತಿ ಕಟ್ಟಿ 'ಕ್ಲೋಸ್ಡ್' ಆದ ಮೇಲೂ ಈ ಚೌಕಗಳು ಅಳಿಯುವುದಿಲ್ಲ. ಹಿಂದಿನವರು ಸಾಲ ತೀರಿದ ದಿನ ಪ್ರೋನೋಟನ್ನು ಹರಿದು ಕೈಗೆ ಕೊಡುತ್ತಿದ್ದರು, ಅಲ್ಲಿಗೆ ನೆನಪೂ ಹರಿಯುತ್ತಿತ್ತು. ಈಗ ಕ್ರೆಡಿಟ್ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂದು ನಿಯಮವೇ ಇದೆ.

ಇದನ್ನು ಕೇಳಿ ಕೆಲವರ ಮುಖ ಬಾಡಿತು. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಐದು ವರ್ಷ ತಪ್ಪದೆ ಕಂತು ಕಟ್ಟಿ ಮುಗಿಸಿದ ಬೈಕ್ ಸಾಲವೂ ಅಲ್ಲಿ ಹಾಗೆಯೇ ಉಳಿಯುತ್ತದೆ. ಅದು ನಿಮ್ಮ ಪರವಾಗಿ ನಿಲ್ಲುವ ಸಾಕ್ಷಿ. 'ಹಳೆಯ ಸಾಲಗಳನ್ನೆಲ್ಲ ವರದಿಯಿಂದ ತೆಗೆಸಿಬಿಡಿ' ಎಂದು ನನ್ನನ್ನು ಕೇಳಿದವರಿದ್ದಾರೆ. ಚೆನ್ನಾಗಿ ತೀರಿಸಿದ ಸಾಲವನ್ನು ಏಕೆ ತೆಗೆಸಬೇಕು? ಅದು ನೀವು ದುಡಿದು ಗಳಿಸಿದ ಹೆಸರು.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ನನ್ನ ಭಾವಮೈದುನ ಲಾರಿ ಕೊಂಡಾಗ ನಾನು ಜಾಮೀನು ನಿಂತಿದ್ದೆ. ಅವನು ಕೊನೆಯ ಕಂತಿನವರೆಗೂ ಕಟ್ಟಿದ, ಬೇಬಾಕಿ ಪತ್ರವನ್ನೂ ತಂದು ತೋರಿಸಿದ. ಮುಂದೊಂದು ದಿನ ನನ್ನ ವರದಿ ತೆಗೆಸಿ ನೋಡಿದರೆ ಆ ಸಾಲ ಇನ್ನೂ ಜೀವಂತವಾಗಿತ್ತು, 1,140 ರೂಪಾಯಿ ಬಾಕಿ! ಜಾಮೀನುದಾರನ ವರದಿಯಲ್ಲೂ ಸಾಲ ಕಾಣಿಸುತ್ತದೆ ಎಂಬುದು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ಎಂದೆ. ಮೂರು ಕೈ ಮೇಲೆದ್ದವು. ವಿಚಾರಿಸಿದಾಗ ತಿಳಿದದ್ದು, ಎಂದೋ ಒಂದು ಚೆಕ್ ವಾಪಸಾದ ಶುಲ್ಕ ಖಾತೆಯಲ್ಲಿ ಹಾಗೆಯೇ ಉಳಿದಿತ್ತು. ಪತ್ರ ಕೊಟ್ಟವರು ಒಂದು ಮೇಜಿನವರು, ಕಂಪ್ಯೂಟರಿನಲ್ಲಿ ಖಾತೆ ಮುಗಿಸಬೇಕಾದವರು ಇನ್ನೊಂದು ಮೇಜಿನವರು. ಮೂರು ತಿಂಗಳು ಅಲೆದೆ. ಬ್ಯಾಂಕಿನ ಭಾಷೆ ಬಲ್ಲ ನನಗೇ ಹೀಗಾದರೆ, ದಿನದ ಕೂಲಿ ಬಿಟ್ಟು ಬರುವವನ ಗತಿ ಏನೆಂದು ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಸಾಲ ಎಂಬುದು ಒಂದೇ ಪುಸ್ತಕದಲ್ಲಿ ಇರುವುದಿಲ್ಲ. ಸಂಸ್ಥೆಯ ಲೆಡ್ಜರಿನಲ್ಲಿ ಇರುತ್ತದೆ, ವಾಹನವಾದರೆ ಆರ್‌ಸಿಯಲ್ಲಿ ಇರುತ್ತದೆ, ಮನೆಯಾದರೆ ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ ಇರುತ್ತದೆ, ಕ್ರೆಡಿಟ್ ಕಂಪನಿಯಲ್ಲಿ ಇರುತ್ತದೆ. ಒಂದು ಕಡೆ ತೀರಿದರೆ ಉಳಿದ ಕಡೆ ತಾನಾಗಿಯೇ ತೀರುತ್ತದೆಂದು ನಂಬಬೇಡಿ. ವಾಹನಕ್ಕೆ ಸಾಲ ತೀರಿದೆಯೆಂದು ತಿಳಿಸುವ ನಮೂನೆ 35 ತೆಗೆದುಕೊಂಡು ಆರ್‌ಟಿಓದಲ್ಲಿ ಸಾಲದ ನಮೂದು ತೆಗೆಸಬೇಕು. ಮನೆ ಸಾಲದ ಮೂಲಪತ್ರಗಳನ್ನು ಸಾಲ ಕೊಟ್ಟವರು ಪೂರ್ತಿ ಸಂದಾಯವಾದ 30 ದಿನದೊಳಗೆ ಹಿಂದಿರುಗಿಸಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮವಿದು. ಎಷ್ಟೋ ಜನ ಕೇಳುವುದೇ ಇಲ್ಲ.

ಕ್ರೆಡಿಟ್ ಕಾರ್ಡಿನದು ಬೇರೆಯೇ ಕಥೆ. ಬಾಕಿ ಸೊನ್ನೆ ಮಾಡಿ ಕಾರ್ಡನ್ನು ಕತ್ತರಿಯಿಂದ ಕತ್ತರಿಸಿದರೆ ಖಾತೆ ಮುಚ್ಚುವುದಿಲ್ಲ. ವಾರ್ಷಿಕ ಶುಲ್ಕ ಬೀಳುತ್ತದೆ, ಅದಕ್ಕೆ ಬಡ್ಡಿ ಸೇರುತ್ತದೆ, ವರದಿಯ ಚೌಕಗಳು ಕೆಡುತ್ತವೆ. ಮುಚ್ಚಿ ಎಂದು ಬರವಣಿಗೆಯಲ್ಲಿ ಕೇಳಬೇಕು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ಇಲ್ಲವಾದರೆ ದಿನಕ್ಕೆ 500 ರೂಪಾಯಿ ದಂಡ.

ಬೆಂಗಳೂರಿನವರಿಗೆ ಇನ್ನೂ ಒಂದು ತೊಡಕಿದೆ. ಕಂಡಕ್ಟರ್ ಇಂದಿಗೂ 'ಮೈಸೂರು ಬ್ಯಾಂಕ್' ಎಂದೇ ಕೂಗುತ್ತಾನೆ, ನಾವೂ ಅಲ್ಲಿ ಇಳಿಯುತ್ತೇವೆ. ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ. ನಾನು ಎಂದೂ ಕಾಲಿಡದ ಬ್ಯಾಂಕಿನ ಹೆಸರಿನಲ್ಲಿ ಸಾಲ ತೋರಿಸುತ್ತಿದೆ ಎಂದು ಗಾಬರಿಯಾಗಿ ಬಂದವರ ಹಳೆಯ ಪಾಸ್‌ಬುಕ್ ತೆಗೆಸಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಹಳೆಯ ಬ್ಯಾಂಕಿನ ಸಾಲಕ್ಕೆ ಬೇಬಾಕಿ ಪತ್ರ ಕೊಡಬೇಕಾದದ್ದು ಈಗಿನ ಬ್ಯಾಂಕು. ಹಳೆಯ ರಸೀದಿಗಳನ್ನು ರದ್ದಿಗೆ ಹಾಕಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಹೆಸರಿನ ಗೊಂದಲವೂ ಸಣ್ಣದಲ್ಲ. ನಮ್ಮಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವವರು ಕಡಿಮೆ, ಊರಿನದೋ ಅಪ್ಪನದೋ ಒಂದಕ್ಷರ ಮುಂದೆ ಅಂಟಿಸಿಕೊಳ್ಳುತ್ತೇವೆ. ಒಂದೇ ಬಡಾವಣೆಯಲ್ಲಿ ನಾಲ್ಕು ಜನ ಎಂ. ಮಂಜುನಾಥ ಇರುತ್ತಾರೆ. ಪ್ಯಾನ್ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ಒಬ್ಬನ ಸಾಲ ಇನ್ನೊಬ್ಬನ ವರದಿಗೆ ನುಗ್ಗಬಹುದು.

ತಪ್ಪು ಕಂಡರೆ ಏನು ಮಾಡಬೇಕು? ಮೊದಲು ವರದಿಯನ್ನು ತರಿಸಿಕೊಳ್ಳಿ. ನಾಲ್ಕು ಕಂಪನಿಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾನು ಸಂಕ್ರಾಂತಿಗೆ ಒಂದು, ಯುಗಾದಿ ಕಳೆದ ಮೇಲೆ ಒಂದು, ಗಣೇಶನ ಹಬ್ಬಕ್ಕೊಂದು, ದೀಪಾವಳಿಗೊಂದು ಎಂದು ಹಂಚಿಕೊಂಡಿದ್ದೇನೆ. ತಪ್ಪಿದ್ದರೆ ಆ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ದೂರು ಕೊಡಿ, ಅದಕ್ಕೆ ಕಾಸಿಲ್ಲ. ಕ್ರೆಡಿಟ್ ಕಂಪನಿ ತಾನಾಗಿ ಏನನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರು ಒಪ್ಪಿದ ಮೇಲೆಯೇ ತಿದ್ದುತ್ತದೆ. ದೂರಿನ ದಿನದಿಂದ 30 ದಿನದೊಳಗೆ ಬಗೆಹರಿಯಬೇಕು. ಅದರಲ್ಲಿ ಸರಿಯಾದ ಮಾಹಿತಿ ಕಳುಹಿಸಲು ಸಾಲ ಕೊಟ್ಟವರಿಗೆ 21 ದಿನ. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕು. ತಡ ಯಾರದ್ದೋ ಅವರೇ ಕೊಡಬೇಕು. 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಆದೇಶಿಸಿತು. ನಾನು 1,140 ರೂಪಾಯಿಗಾಗಿ ಅಲೆದಾಗ ಈ ನಿಯಮ ಇರಲಿಲ್ಲ. ದೂರನ್ನು ತಳ್ಳಿಹಾಕಿದರೆ ಕಾರಣವನ್ನು ತಿಳಿಸಬೇಕೆಂದೂ ಅದೇ ಆದೇಶದಲ್ಲಿದೆ. ಅದಕ್ಕೂ ಬಗ್ಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಒಂಬುಡ್ಸ್‌ಮನ್, ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಕಂಪನಿಗಳೂ ಆ ಯೋಜನೆಯೊಳಗೆ ಬಂದಿವೆ. ಸಹಾಯವಾಣಿ 14448.

ಸಾಲ ತೀರಿಸಿದ ಮರುದಿನವೇ ವರದಿ ನೋಡಿ ಕಂಗೆಡಬೇಡಿ. 2025ರ ಜನವರಿ 1ರಿಂದ ಸಂಸ್ಥೆಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳುಹಿಸಬೇಕೆಂದು ನಿಯಮ ಬಂತು, ಅದಕ್ಕೂ ಮೊದಲು ತಿಂಗಳಿಗೊಮ್ಮೆ ಇತ್ತು. ಒಂದು ತಿಂಗಳು ಬಿಟ್ಟು ನೋಡಿ. ಆಗಲೂ ಬದಲಾಗದಿದ್ದರೆ ದೂರು ಬರೆಯಿರಿ.

'ಸೆಟಲ್ಡ್ ಅನ್ನು ಕ್ಲೋಸ್ಡ್ ಮಾಡಿಸಿಕೊಡುತ್ತೇವೆ, ಹತ್ತು ಸಾವಿರ ಕೊಡಿ ಎಂದು ಒಬ್ಬರು ಹೇಳಿದ್ದಾರೆ, ಕೊಡಬಹುದೇ?' ಎಂದು ಒಬ್ಬ ಯುವಕ ಕೇಳಿದ. ದಯವಿಟ್ಟು ಕೊಡಬೇಡಪ್ಪ. ಆ ಹತ್ತು ಸಾವಿರವನ್ನು ಬಿಟ್ಟುಕೊಟ್ಟ ಬಾಕಿಗೆ ಕಟ್ಟು. ದಾರಿ ಇರುವುದು ಅದೊಂದೇ. ಸಂಸ್ಥೆಗೆ ಹೋಗಿ, ಅಂದು ನೀವು ಬಿಟ್ಟ ಮೊತ್ತವನ್ನು ಈಗ ಕಟ್ಟುತ್ತೇನೆ, ಖಾತೆಯನ್ನು ಕ್ಲೋಸ್ಡ್ ಎಂದು ತಿದ್ದಿಸುತ್ತೀರಾ ಎಂದು ಬರೆದು ಕೇಳಬೇಕು. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು, ಒಪ್ಪಿದ ಪತ್ರ ಕೈಗೆ ಬಂದ ಮೇಲೆಯೇ ಹಣ ಕಟ್ಟಬೇಕು. ಪೀಣ್ಯದ ಆ ಹೆಣ್ಣುಮಗಳ ವಿಷಯದಲ್ಲಿ ಒಪ್ಪಿದರು. 18,000 ರೂಪಾಯಿಯನ್ನು ಅವಳು ಚೀಟಿ ಎತ್ತಿ ಕಟ್ಟಿದಳು, ಎರಡು ತಿಂಗಳಿಗೆ ನಮೂದು ಬದಲಾಯಿತು. ಅಷ್ಟರಲ್ಲಿ ಕಾಲೇಜಿನ ಫೀಸಿನ ಗಡುವು ಮುಗಿಯುತ್ತಿದ್ದುದರಿಂದ ಹುಡುಗನ ಚಿಕ್ಕಪ್ಪ ಸಹಸಾಲಗಾರನಾಗಿ ಸಹಿ ಹಾಕಿದ್ದ. ಆದರೂ ಹೊಸ ವರದಿಯನ್ನು ಅವಳು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಿ ತಂದು ನನಗೆ ತೋರಿಸಿದಳು.

ಸಭೆ ಮುಗಿದು ಕುರ್ಚಿಗಳನ್ನು ಮಡಚುತ್ತಿದ್ದಾಗ ಕೊನೆಯ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದ ತಾಯಿಯೊಬ್ಬರು ಹತ್ತಿರ ಬಂದರು. ಮನೆ ಸಾಲ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತಂತೆ. ಯಜಮಾನರು ತೀರಿಕೊಂಡ ಮೇಲೆ ವಿಮೆಯ ಹಣದಿಂದ ಸಾಲ ಪೂರ್ತಿ ಸಂದಾಯವಾಯಿತು. ಆದರೆ ವಿಮೆ ಮಂಜೂರಾಗುವವರೆಗಿನ ನಾಲ್ಕು ತಿಂಗಳು ಕಂತು ಕಟ್ಟಿರಲಿಲ್ಲ. ಇವರ ವರದಿಯಲ್ಲಿ ಆ ನಾಲ್ಕು ಚೌಕಗಳೂ ಕೆಟ್ಟು ಕುಳಿತಿವೆ. ಕ್ಲೇಮು ಹಾಕಿದ ದಿನಾಂಕದ ಸ್ವೀಕೃತಿ ಇದೆಯೇ ಅಮ್ಮ ಎಂದು ಕೇಳಿದೆ. ಚೀಲದಿಂದ ತೆಗೆದರು, ಮೊಹರು ಸ್ಪಷ್ಟವಾಗಿತ್ತು. ಆ ಚೌಕಗಳನ್ನು ತಿದ್ದಲು ಬ್ಯಾಂಕು ಒಪ್ಪುತ್ತದೆಂದು ನಾನು ಭರವಸೆ ಕೊಡಲಿಲ್ಲ. ಕಂತು ನಿಂತದ್ದು ಏಕೆ, ಹಣ ಬಂದದ್ದು ಯಾವಾಗ, ತಡ ಯಾರದ್ದು ಎಂಬುದನ್ನು ದಿನಾಂಕದ ಸಮೇತ ಬರೆದು ಕೊಡೋಣ ಎಂದೆ. ಸೋಮವಾರ ಹತ್ತು ಗಂಟೆಗೆ ಇಬ್ಬರೂ ಶಾಖೆಗೆ ಹೋಗುತ್ತಿದ್ದೇವೆ.